ಅವ್ವನಿಲ್ಲದ ಮಲಗುವ ಕೋಣೆಯನ್ನು ಅಪ್ಪನಿಗಾಗಿ ಅಣಿಗೊಳಿಸುವುದು: ಎಲ್ಲಿಂದ ಆರಂಭಿಸಬೇಕು?

ಧಾರವಾಡದ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮದು ಧಾರವಾಡದಲ್ಲಿ ಅಜ್ಜ ಕಟ್ಟಿಸಿದ ಮಂಗಳೂರು ಹೆಂಚಿನ ಮನೆ. ಕಲ್ಲಿನ ತಳಪಾಯ, ದಪ್ಪನೆಯ ಮಣ್ಣುಗೋಡೆ, ಕೆಂಪು ಗಾರೆಯ ನೆಲ. ಹಿಂಬದಿಯಲ್ಲಿರುವ ಮಲಗುವ ಕೋಣೆ 10 ಅಡಿ ಅಗಲ, 12 ಅಡಿ ಉದ್ದವಿದೆ. ಅವ್ವ ತೀರಿಕೊಂಡು ಎರಡು ವರ್ಷವಾಯಿತು. 78 ವರ್ಷದ ಅಪ್ಪ ಈಗಲೂ ಅದೇ ಕೋಣೆಯಲ್ಲಿ, ಅದೇ ಸಾಗವಾನಿ ಪಲ್ಲಂಗದ ಮೇಲೆ ಮಲಗುತ್ತಾರೆ. ಆ ಕೋಣೆಯಲ್ಲಿ ಬಟ್ಟೆಬರೆ ಇಡುವ ಎರಡು ತಿಜೋರಿ, ಒಂದರ ಮೇಲೊಂದು ಇಟ್ಟ ಮೂರು ಕಬ್ಬಿಣದ ಟ್ರಂಕು, ಅವ್ವನ ಹೊಲಿಗೆ ಯಂತ್ರ, ಪಲ್ಲಂಗದ ಕೆಳಗೆ ತಾಮ್ರದ ಹಂಡೆ, ಅಟ್ಟದ ಮೇಲೆ ಹಳೆಯ ಪತ್ರಿಕೆಗಳ ಕಟ್ಟು, ಗೂಡಿನ ತುಂಬ ಔಷಧದ ಡಬ್ಬಿಗಳು ಇವೆ. ನಡೆದಾಡಲು ಉಳಿದಿರುವುದು ಒಂದೂವರೆ ಅಡಿ ಜಾಗ ಮಾತ್ರ.

ಕಳೆದ ತಿಂಗಳು ರಾತ್ರಿ ಬಚ್ಚಲಿಗೆ ಹೋಗಲು ಎದ್ದ ಅಪ್ಪನ ಕಾಲು ಜಮಖಾನದ ಅಂಚಿಗೆ ಸಿಕ್ಕಿ ಅವರು ಬಿದ್ದರು. ದೇವರ ದಯೆಯಿಂದ ಮಣಿಕಟ್ಟು ಉಳುಕಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಅಂದಿನಿಂದ ಕೋಣೆಯನ್ನು ತೆರವುಗೊಳಿಸಿ, ಬಣ್ಣ ಬಳಿಸಿ, ಹೊಸದಾಗಿ ಜೋಡಿಸಲೇಬೇಕು ಎಂದು ನಾನು ನಿಶ್ಚಯಿಸಿದ್ದೇನೆ. ವಿದೇಶದಲ್ಲಿರುವ ಅಣ್ಣ ಎಲ್ಲವನ್ನೂ ಒಂದೇ ದಿನದಲ್ಲಿ ಹೊರಗೆ ಹಾಕಿಸು ಎನ್ನುತ್ತಾನೆ. ಅಪ್ಪ ಬೇಡವೆಂದೂ ಹೇಳುವುದಿಲ್ಲ, ಆಗಲಿ ಎಂದೂ ಹೇಳುವುದಿಲ್ಲ. ನಾನು ಅವ್ವನ ತಿಜೋರಿಯ ಬಾಗಿಲು ತೆರೆದ ಕೂಡಲೇ ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತುಬಿಡುತ್ತಾರೆ. ಇಂತಹ ಕೆಲಸವನ್ನು ಮಾಡಿ ಮುಗಿಸಿದವರು ಇದ್ದರೆ ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಮೈಸೂರಿನ ನಿವೃತ್ತ:

ತಂಗಿ, ನಾನು ಮಾಡಿದ ತಪ್ಪನ್ನು ನೀವು ಮಾಡಬಾರದೆಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ನಮ್ಮ ತಾಯಿ ಹೋದ ಮರುವರ್ಷ ತಂದೆಯವರು ಕಾಶಿಯಾತ್ರೆಗೆ ಹೊರಟರು. ಅವರು ಹಿಂತಿರುಗುವ ಹೊತ್ತಿಗೆ ಕೋಣೆಯನ್ನು ಹೊಸದಾಗಿಸಿ ಸಂತೋಷಪಡಿಸಬೇಕೆಂದು ನಾನೂ ನನ್ನ ಹೆಂಡತಿಯೂ ಹನ್ನೆರಡು ದಿನ ಹಗಲಿರುಳು ದುಡಿದೆವು. ಗೋಡೆಗೆ ಬಣ್ಣ, ಹೊಸ ಮಂಚ, ಹೊಸ ಪರದೆ, ಎಲ್ಲವೂ ಆಯಿತು. ಹಳೆಯದನ್ನೆಲ್ಲ ಗುಜರಿಗೆ ಕೊಟ್ಟೆವು. ತಂದೆಯವರು ಬಂದು ಕೋಣೆಯನ್ನು ನೋಡಿ ಚೆನ್ನಾಗಿದೆ ಎಂದರು. ಆಮೇಲೆ ಬಾಗಿಲ ಹಿಂದಿನ ಮೊಳೆಯನ್ನು ನೋಡುತ್ತ ನಿಂತರು. ಆ ಮೊಳೆಗೆ ಹತ್ತಾರು ವರ್ಷಗಳ ಕ್ಯಾಲೆಂಡರುಗಳನ್ನು ಒಂದರ ಮೇಲೊಂದು ತೂಗುಹಾಕಿದ್ದರು. ಪ್ರತಿ ತಾರೀಖಿನ ಚೌಕದಲ್ಲಿ ನಮ್ಮ ತಾಯಿಯ ಕೈಬರಹದಲ್ಲಿ ಹಾಲಿನ ಲೆಕ್ಕವಿತ್ತು: ಅರ್ಧ, ಒಂದು, ಇಲ್ಲ, ಒಂದು. ತಾಯಿ ಬರೆದದ್ದೆಂದು ಮನೆಯಲ್ಲಿ ಇದ್ದದ್ದು ಅದೊಂದೇ, ಮತ್ತು ಅದು ನಮಗೆ ಹೊಳೆಯಲೇ ಇಲ್ಲ. ತಂದೆಯವರು ಒಂದು ಮಾತೂ ಆಡಲಿಲ್ಲ. ಆದರೆ ಕೊನೆಯವರೆಗೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದರು.

ಆದ್ದರಿಂದ ನಿಮ್ಮಣ್ಣನವರ ಮಾತಿನಂತೆ ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ. ಕೋಣೆ ಯಾರದ್ದೋ ಅವರ ಕಣ್ಣೆದುರಿಗೇ ಕೆಲಸ ನಡೆಯಬೇಕು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಡ, ಒಂದೊಂದೇ ವಸ್ತುವನ್ನು ಅವರ ಕೈಗೆ ಕೊಡಿ. ಮೊದಲ ವಾರ ಯಾವ ನೆನಪೂ ಅಂಟಿಕೊಂಡಿರದ ಪತ್ರಿಕೆ, ಅವಧಿ ಮುಗಿದ ಮಾತ್ರೆ, ಕೆಟ್ಟ ಚಾರ್ಜರುಗಳನ್ನು ತೆಗೆಯಿರಿ. ಸೀರೆಗಳ ತಿಜೋರಿ ಕಟ್ಟಕಡೆಗೆ ಬರಲಿ. ಇದು ಬೇಕೋ ಬೇಡವೋ ಎಂದು ಕೇಳುವ ಬದಲು ಇದು ಯಾವಾಗ ತಂದದ್ದು ಎಂದು ಕೇಳಿ ನೋಡಿ. ಮಾತು ಮುಗಿದ ಮೇಲೆ ಅನೇಕ ವಸ್ತುಗಳನ್ನು ಅವರೇ ಪಕ್ಕಕ್ಕಿಡುತ್ತಾರೆ.

ಗೋಡೆ ನೋಡುವವನು:

ನಾನು ಕಟ್ಟಡ ನಿರ್ಮಾಣದ ಕೆಲಸದಲ್ಲಿರುವವನು, ಹಳೆಯ ಮನೆಗಳ ದುರಸ್ತಿಯನ್ನೇ ಹೆಚ್ಚಾಗಿ ಮಾಡುತ್ತೇನೆ. ಬಣ್ಣದ ಮಾತನ್ನು ಎತ್ತುವ ಮೊದಲು ಒಂದು ವಿಷಯವನ್ನು ಪರೀಕ್ಷಿಸಿ. ತಿಜೋರಿಗಳನ್ನು ಗೋಡೆಯಿಂದ ಸರಿಸಿ ಹಿಂಬದಿಯನ್ನು ನೋಡಿರಿ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಕಂದು ಗೆರೆ ಎಳೆದಂತೆ ಕಲೆಯಿದ್ದು, ಅದರ ಕೆಳಗೆ ಗಾರೆ ಉಬ್ಬಿ, ಬಿಳಿಯ ಉಪ್ಪಿನಂತಹ ಪುಡಿ ಉದುರುತ್ತಿದ್ದರೆ, ಅದು ಛಾವಣಿಯಿಂದ ಇಳಿದ ನೀರಲ್ಲ, ಭೂಮಿಯಿಂದ ಗೋಡೆಗೆ ಏರುತ್ತಿರುವ ತೇವ. ಹಳೆಯ ಮನೆಗಳ ತಳಪಾಯದ ಮೇಲೆ ತೇವ ತಡೆಯುವ ಪದರವನ್ನು ಹಾಕುವ ಪದ್ಧತಿ ಇರಲಿಲ್ಲ. ಆಗಿನ ಮಣ್ಣು ಮತ್ತು ಸುಣ್ಣದ ಗೋಡೆಗಳು ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಗೆಯಲ್ಲಿ ಬಿಟ್ಟುಕೊಡುತ್ತಿದ್ದುದರಿಂದ ಅದು ತೊಂದರೆಯಾಗಿಯೂ ಕಾಣಿಸುತ್ತಿರಲಿಲ್ಲ. ಅಂತಹ ಗೋಡೆಗೆ ಸಿಮೆಂಟಿನ ಗಿಲಾಯ, ಅಂದರೆ ಪ್ಲಾಸ್ಟರ್ ಮಾಡಿ, ಪುಟ್ಟಿ ತುಂಬಿ, ಎಮಲ್ಷನ್ ಬಣ್ಣ ಬಳಿದಾಗ ತೇವ ಹೊರಗೆ ಹೋಗುವ ದಾರಿ ಮುಚ್ಚಿಹೋಗುತ್ತದೆ. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಬಣ್ಣ ಗುಳ್ಳೆಯೆದ್ದು ಹಪ್ಪಳದಂತೆ ಸುಲಿಯುತ್ತದೆ.

ಮೊದಲು ಹೊರಗೆ ಹೋಗಿ ನೋಡಿ. ಗೋಡೆಯ ಬುಡಕ್ಕೆ ಮಣ್ಣು ಏರಿದೆಯೇ, ಹೆಂಚಿನ ನೀರು ಅಲ್ಲೇ ಬಿದ್ದು ನಿಲ್ಲುತ್ತಿದೆಯೇ, ಬಚ್ಚಲ ಕೊಳವೆ ಸೋರುತ್ತಿದೆಯೇ ಎಂಬುದು ತಿಳಿಯಬೇಕು. ಮಣ್ಣನ್ನು ಒಳಗಿನ ನೆಲಮಟ್ಟಕ್ಕಿಂತ ಕೆಳಗಿಳಿಸಿ, ನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಮಾಡಿಸಿ. ಒಳಗೆ ಕಲೆಯಿರುವ ಎತ್ತರಕ್ಕಿಂತ ಒಂದಡಿ ಮೇಲಿನವರೆಗೆ ಕೆಟ್ಟ ಗಿಲಾಯವನ್ನು ಕೆತ್ತಿಸಿ, ಗೋಡೆಯನ್ನು ಒಣಗಲು ಬಿಟ್ಟು, ಸುಣ್ಣದ ಗಾರೆಯಿಂದ ಮತ್ತೆ ಮಾಡಿಸಿ. ಗೌಂಡಿ ಬಂದ ದಿನವೇ ಪೇಂಟರನ್ನೂ ಕರೆಯಿಸಬೇಡಿ. ಒಣಗಲು ಕೊಡುವ ಸಮಯವೇ ಈ ಕೆಲಸದ ಮುಕ್ಕಾಲು ಪಾಲು.

ಕೋಣೆ ಜೋಡಿಸುವಾಗ ಯಾವ ಕಪಾಟನ್ನೂ ಹೊರಗೋಡೆಗೆ ಒತ್ತಿ ನಿಲ್ಲಿಸಬೇಡಿ. ಕನಿಷ್ಠ ಮೂರು ಬೆರಳಷ್ಟು ಗಾಳಿಯಾಡುವ ಜಾಗ ಬೇಕು.

ಧಾರವಾಡದ ಮಗಳು:

ಇಬ್ಬರಿಗೂ ಕೈಮುಗಿಯುತ್ತೇನೆ. ಹಿರಿಯರು ಬರೆದ ಕ್ಯಾಲೆಂಡರಿನ ಸಂಗತಿಯನ್ನು ಅಣ್ಣನಿಗೆ ಓದಿ ಹೇಳಿದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ.

ಗೋಡೆಯ ವಿಷಯದಲ್ಲಿ ನೀವು ಹೇಳಿದ್ದು ಅಕ್ಷರಶಃ ನಿಜವಾಗಿದೆ. ಪಡುವಣ ಗೋಡೆಯ ಮೇಲೆ ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲಿನವರೆಗೆ ಗೆರೆಯಿದೆ, ಹೊರಗೆ ಅವ್ವನ ಹೂವಿನ ಮಡಿಯ ಮಣ್ಣು ಗೋಡೆಗೆ ಒಂದಡಿ ಏರಿ ನಿಂತಿದೆ.

ಪತ್ರಿಕೆಗಳು ರದ್ದಿಗೆ ಹೋದವು. ಔಷಧಗಳನ್ನು ತೆಗೆದು ನೋಡಿದರೆ ಮುಕ್ಕಾಲು ಪಾಲು ಅವ್ವನವು, ಎಲ್ಲವೂ ಅವಧಿ ಮೀರಿದವು. ಅವುಗಳನ್ನು ಎಲ್ಲಿ ಹಾಕಬೇಕು? ಇನ್ನೊಂದು ವಿಷಯವೆಂದರೆ, ನಿನ್ನೆ ಅಪ್ಪ ತಾವಾಗಿಯೇ ಒಂದು ಹತ್ತಿ ಸೀರೆಯನ್ನು ತೆಗೆದು ಬಿಡಿಸಿದಾಗ ಮಡಿಕೆಯೊಳಗಿಂದ ರದ್ದಾದ 500 ರೂಪಾಯಿಯ ಮೂರು ಹಳೆಯ ನೋಟುಗಳು ಬಿದ್ದವು. ನಮಗೆಲ್ಲರಿಗೂ ಹಬ್ಬಕ್ಕೆ ಕೊಡಲು ಅವ್ವ ಹೀಗೆ ತೆಗೆದಿಡುತ್ತಿದ್ದಳು. ಇವನ್ನು ಮನೆಯಲ್ಲಿ ಇಟ್ಟುಕೊಂಡರೆ ತಪ್ಪಾಗುತ್ತದೆಯೇ?

ಲೆಕ್ಕಪತ್ರ:

ತಪ್ಪಿಲ್ಲ. 2016ರ ನವೆಂಬರ್ 8ರಂದು ಆ ನೋಟುಗಳ ರದ್ದತಿಯನ್ನು ಪ್ರಕಟಿಸಿದ ಮೇಲೆ 2017ರಲ್ಲಿ ಬಂದ ಕಾನೂನು, ಒಬ್ಬರು ಹತ್ತು ನೋಟುಗಳವರೆಗೆ ಇಟ್ಟುಕೊಳ್ಳಲು ಅವಕಾಶ ಕೊಟ್ಟಿದೆ. ಮೂರನ್ನು ನೆನಪಿಗಾಗಿ ನಿಶ್ಚಿಂತೆಯಿಂದ ಇಟ್ಟುಕೊಳ್ಳಿ. ಉಳಿದ ಪ್ರತಿಯೊಂದು ಸೀರೆಯನ್ನೂ ಪೂರ್ತಿ ಬಿಡಿಸಿ ನೋಡದೆ ಯಾರಿಗೂ ಕೊಡಬೇಡಿ. ಟ್ರಂಕಿನ ತಳಕ್ಕೆ ಹಾಸಿದ ಕಾಗದದ ಕೆಳಗೂ ನೋಡಿ. ನಮ್ಮ ಹೆಣ್ಣುಮಕ್ಕಳು ಠೇವಣಿ ಪತ್ರ, ವಿಮೆಯ ಬಾಂಡು, ಒಂದೆರಡು ಬಂಗಾರದ ಗುಂಡುಗಳನ್ನು ಇಡುತ್ತಿದ್ದುದು ಅಂತಹ ಜಾಗಗಳಲ್ಲಿಯೇ.

ಔಷಧಗಳ ಬಗ್ಗೆ: ಘನತ್ಯಾಜ್ಯ ನಿಯಮಗಳ ಪ್ರಕಾರ ಅವಧಿ ಮುಗಿದ ಔಷಧ, ಬಳಸಿದ ಬ್ಯಾಟರಿ, ಟ್ಯೂಬ್‌ಲೈಟು, ಒಡೆದ ಪಾದರಸದ ಥರ್ಮಾಮೀಟರುಗಳನ್ನು ಉಳಿದ ಕಸದೊಂದಿಗೆ ಬೆರೆಸದೆ ಬೇರೆಯಾಗಿಯೇ ಇಡಬೇಕು. ಅವನ್ನು ಪ್ರತ್ಯೇಕ ಚೀಲದಲ್ಲಿ ಕಟ್ಟಿ, ಮೇಲೆ ಬರೆದು, ಪಾಲಿಕೆಯ ಗಾಡಿಯವರ ಕೈಗೇ ಕೊಡಿ. ಆಧಾರ್ ಪ್ರತಿ, ಪಿಂಚಣಿ ಕಾಗದ ಮುಂತಾದವು ರದ್ದಿಯೊಂದಿಗೆ ಇಡಿಯಾಗಿ ಹೋಗದಂತೆ ನೋಡಿಕೊಳ್ಳಿ.

ಒಂದೇ ಸೂತ್ರ:

ಇಷ್ಟು ದೀರ್ಘವಾಗಿ ಯೋಚಿಸುವ ಅಗತ್ಯ ನನಗೆ ಕಾಣುವುದಿಲ್ಲ. ಒಂದು ವರ್ಷ ಬಳಸದ ವಸ್ತು ಮನೆಯಲ್ಲಿ ಇರಬಾರದು ಎಂಬ ನಿಯಮವನ್ನು ನಾವು ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಪಾಲಿಸುತ್ತೇವೆ. ಎರಡು ದಿನ ರಜೆ ಹಾಕಿದರೆ ಒಂದು ಕೋಣೆ ಮುಗಿಯುತ್ತದೆ. ನಂತರ ಒಳಗೆ ಎಲ್ಲವನ್ನೂ ತುಂಬಬಹುದಾದ ಬಾಕ್ಸ್ ಮಂಚವೊಂದನ್ನು ಕೊಂಡುಬಿಡಿ.

ಹಾಸಿಗೆಯ ಬದಿಯಿಂದ:

ಮೇಲಿನ ಸಲಹೆ ಬಾಡಿಗೆ ಮನೆ ಬದಲಿಸುವ ಕಿರಿಯರಿಗೆ ಸರಿಹೊಂದಬಹುದು, ಆದರೆ ಇಲ್ಲಿ ಹೊಂದುವುದಿಲ್ಲವೆಂದು ಗೌರವಪೂರ್ವಕವಾಗಿ ಹೇಳುತ್ತೇನೆ. ಮದುವೆಯ ಸೀರೆಯನ್ನು ವರ್ಷಕ್ಕೊಮ್ಮೆ ಉಟ್ಟಿರಲೇಬೇಕೆಂದು ಯಾರು ಹೇಳಿದರು? ಬಾಕ್ಸ್ ಮಂಚವಂತೂ ಈ ಕೋಣೆಗೆ ಬೇಡವೇ ಬೇಡ. 78 ವರ್ಷದವರು ಒಳಗಿನ ವಸ್ತುವಿಗಾಗಿ ಗಾದಿಯನ್ನೆತ್ತಿ ಹಲಗೆ ತೆಗೆಯಲಾರರು. ತೇವವಿರುವ ಮನೆಯಲ್ಲಿ ನೆಲಕ್ಕೆ ಅಂಟಿ ಕುಳಿತ ಪ್ಲೈವುಡ್ ಪೆಟ್ಟಿಗೆ ಗೆದ್ದಲಿಗೂ ಬೂಷ್ಟಿಗೂ ಮನೆಯಾಗುತ್ತದೆ. ಕಾಲುಗಳ ಮೇಲೆ ನಿಂತ ಸಾಗವಾನಿ ಪಲ್ಲಂಗದ ಕೆಳಗೆ ಗಾಳಿಯೂ ಕಸಬರಿಗೆಯೂ ಆಡುತ್ತವೆ.

ನಾನು ವಯಸ್ಸಾದವರ ಆರೈಕೆಯ ಕೆಲಸ ಮಾಡುವವಳು. ಅಪ್ಪ ಪಲ್ಲಂಗದ ಅಂಚಿನಲ್ಲಿ ಕುಳಿತಾಗ ಎರಡೂ ಪಾದಗಳು ನೆಲಕ್ಕೆ ಪೂರ್ತಿ ತಾಗಿ, ಮೊಣಕಾಲು ಲಂಬಕೋನದಲ್ಲಿರಬೇಕು. ಗಾದಿಯೂ ಸೇರಿ ನೆಲದಿಂದ ಸುಮಾರು 18ರಿಂದ 20 ಇಂಚು ಬಹುತೇಕರಿಗೆ ಸರಿಯಾಗುತ್ತದೆ, ಆದರೆ ಅಳತೆಪಟ್ಟಿಗಿಂತ ಅವರ ಕಾಲನ್ನೇ ನಂಬಿ. ಹಳೆಯ ಪಲ್ಲಂಗಗಳು ಎತ್ತರವಿರುತ್ತವೆ. ಬೇಕಾದರೆ ಬಡಿಗೇರರಿಂದ ನಾಲ್ಕೂ ಕಾಲುಗಳನ್ನು ಸಮನಾಗಿ ಕೊಯ್ಯಿಸಬಹುದು, ಅಥವಾ ಗಾದಿಯನ್ನು ತೆಳ್ಳಗಾಗಿಸಬಹುದು. ದೀಪವನ್ನು ಬಾಗಿಲ ಬಳಿಯಿಂದಲೂ ಮಲಗಿದಲ್ಲಿಂದಲೂ ಹಚ್ಚಿ ಆರಿಸುವಂತೆ ಟೂ ವೇ ಸ್ವಿಚ್ ಹಾಕಿಸಿ. ಪಲ್ಲಂಗದಿಂದ ಬಚ್ಚಲಿನವರೆಗಿನ ದಾರಿಯಲ್ಲಿ ಮೊಣಕಾಲಿಗಿಂತ ಕೆಳಗೆ ಒಂದು ಸಣ್ಣ ರಾತ್ರಿ ದೀಪವಿರಲಿ. ಆ ದಾರಿಯಲ್ಲಿ ತಂತಿ, ಪೆಟ್ಟಿಗೆ, ಹಾಸು ಯಾವುದೂ ಇರಬಾರದು. ಜಮಖಾನವನ್ನು ಟೇಪಿನಿಂದ ಅಂಟಿಸುತ್ತೇನೆ ಎಂದು ಹೊರಡಬೇಡಿ, ಅದನ್ನು ನೆಲದಿಂದ ಎತ್ತಿಬಿಡಿ.

ಕರಾವಳಿಯವಳು:

ಮಂಗಳೂರಿನ ಮಳೆಗಾಲದಲ್ಲಿ ಬಟ್ಟೆ ಉಳಿಸಿಕೊಂಡು ಬಂದವಳ ಅನುಭವವಿದು. ರೇಷ್ಮೆ ಸೀರೆಗಳನ್ನು ಪ್ಲಾಸ್ಟಿಕ್ ಕವರುಗಳಿಂದ ಇಂದೇ ಹೊರತೆಗೆಯಿರಿ. ತೇವ ಒಳಗೆ ಸಿಕ್ಕಿಕೊಂಡು ಜರಿ ಕಪ್ಪಾಗುತ್ತದೆ, ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಹಳೆಯ ಬಿಳಿ ಪಂಚೆಯನ್ನು ತೊಳೆದು ಒಣಗಿಸಿ ಅದರಲ್ಲಿ ಸುತ್ತಿಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಡಿಸಿ, ನೆರಳಿನಲ್ಲಿ ಗಾಳಿಗೆ ಹಾಕಿ, ಮಡಿಕೆಯ ಗೆರೆಯನ್ನು ಬದಲಿಸಿ ಮಡಚಿ. ಅದೇ ಗೆರೆಯಲ್ಲಿ ವರ್ಷಗಟ್ಟಲೆ ಇದ್ದರೆ ಜರಿಯ ಜಾಗದಲ್ಲಿ ಸೀರೆ ಸೀಳುತ್ತದೆ. ನುಸಿಗುಳಿಗೆಯ ಘಾಟು ಮಲಗುವ ಕೋಣೆಗೆ ಒಳ್ಳೆಯದಲ್ಲ. ನಮ್ಮ ಅಜ್ಜಿ ಇಡುತ್ತಿದ್ದ ಬಜೆಯ ತುಂಡು, ಲಾವಂಚದ ಬೇರು, ಒಣಗಿದ ಬೇವಿನೆಲೆಗಳನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಸೀರೆಗೆ ನೇರವಾಗಿ ತಾಗದಂತೆ ಇಡಿ. ವರ್ಷಕ್ಕೊಮ್ಮೆ ಬದಲಾಯಿಸಿದರೆ ಸಾಕು.

ಸುಣ್ಣದ ಡಬ್ಬಿ:

ಬಣ್ಣದ ಕುರಿತು ಯಾರೂ ಇನ್ನೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನಾಲ್ಕೂ ಗೋಡೆ ಸೇರಿ, 10 ಅಡಿ ಎತ್ತರ ಹಿಡಿದರೆ 440 ಚದರ ಅಡಿ. ಬಾಗಿಲು, ಕಿಟಕಿಗಳನ್ನು ಕಳೆದರೆ ಸುಮಾರು 400 ಉಳಿಯುತ್ತದೆ. ಪ್ರೈಮರ್ ಹಾಕಿದ ಗೋಡೆಗೆ ಎಮಲ್ಷನ್ ಎರಡು ಕೋಟ್ ಬಳಿಯಲು ಲೀಟರಿಗೆ 100ರಿಂದ 140 ಚದರ ಅಡಿಯ ಲೆಕ್ಕದಲ್ಲಿ 3ರಿಂದ 4 ಲೀಟರ್ ಸಾಕು. 10 ಲೀಟರಿನ ಡಬ್ಬಿ ಕೊಳ್ಳುವ ಅಗತ್ಯವಿಲ್ಲ.

ಆದರೆ ನಿಮ್ಮ ಗೋಡೆಗೆ ನಾನು ಸುಣ್ಣವನ್ನೇ ಹೇಳುತ್ತೇನೆ. ಅದು ಗೋಡೆಯ ಉಸಿರನ್ನು ಕಟ್ಟುವುದಿಲ್ಲ, ಅದರ ಕ್ಷಾರಗುಣದಿಂದ ಬೂಷ್ಟೂ ಸುಲಭಕ್ಕೆ ಹತ್ತುವುದಿಲ್ಲ. ಹಿಂದಿನ ದಿನವೇ ನೀರಿನಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಂಡು, ಗೋಡೆಯನ್ನು ನೀರಿನಿಂದ ತೋಯಿಸಿ ಮೂರು ಕೈ ಹೊಡೆಸಬೇಕು. ಒದ್ದೆಯಿದ್ದಾಗ ಏನೂ ಹತ್ತಿಲ್ಲವೆಂಬಂತೆ ಗೋಡೆ ತೋರುತ್ತದೆ, ಒಣಗುತ್ತ ಬಂದಂತೆ ಬಿಳುಪು ಏರುತ್ತದೆ. ಅವಸರಪಟ್ಟು ದಪ್ಪಗೆ ಬಳಿದರೆ ಪದರ ಪದರವಾಗಿ ಏಳುತ್ತದೆ. ಹಳೆಯ ಬಣ್ಣವಿದ್ದ ಜಾಗವನ್ನು ಪೂರ್ತಿ ಕೆರೆಸದೆ ಸುಣ್ಣ ನಿಲ್ಲುವುದಿಲ್ಲ. ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಕೊಂಡೇ ಕೆಲಸ ಮಾಡಬೇಕು, ಇದನ್ನು ಒತ್ತಿ ಹೇಳುತ್ತೇನೆ.

ಇನ್ನೊಂದು ಸೂಕ್ಷ್ಮವಿದೆ. ಕೆಂಪು ಗಾರೆಯ ನೆಲದ ಮೇಲೆ ಬಿಸಿಲು ಬಿದ್ದಾಗ ಅದರ ಕೆಂಪು ಗೋಡೆಗೂ ಹರಡುತ್ತದೆ. ಅಂಗಡಿಯ ಪಟ್ಟಿಯಲ್ಲಿ ನೋಡಿ ಆರಿಸಿದ ಗುಲಾಬಿ ಮಿಶ್ರಿತ ಬಣ್ಣ ಅಲ್ಲಿ ಕಣ್ಣಿಗೆ ಹೊಡೆಯುವಂತಾಗುತ್ತದೆ. ಬಿಳಿ ಸುಣ್ಣಕ್ಕೆ ಸ್ವಲ್ಪ ನೀಲಿ ಬೆರೆಸಿದರೆ ತಂಪಾಗಿ ಕಾಣುತ್ತದೆ. ಏನೇ ಇರಲಿ, ಎರಡಡಿ ಚೌಕದಷ್ಟು ಬಳಿದು ಬೆಳಗಿನ ಬೆಳಕಿನಲ್ಲೂ ರಾತ್ರಿಯ ದೀಪದಲ್ಲೂ ನೋಡಿದ ಮೇಲೆ ತೀರ್ಮಾನಿಸಿ.

ಹಳಿಯಾಳದ ಶಿಕ್ಷಕಿ:

ಅವ್ವನ ಹತ್ತಿ ಸೀರೆಗಳಿಗೆ ಒಂದು ದಾರಿ ನಮ್ಮ ಸೀಮೆಯಲ್ಲಿ ಮೊದಲಿನಿಂದಲೂ ಇದೆ: ಕೌದಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳನ್ನು ನೀವು ನೋಡಿರಬಹುದು. ಅಂಚಿನಿಂದ ಹಿಡಿದು ಸುತ್ತು ಸುತ್ತುತ್ತ ನಡುವಿಗೆ ಬರುವ ಓಟದ ಹೊಲಿಗೆ, ಮೂಲೆಗಳಲ್ಲಿ ಹೂವಿನಂತೆ ಕೂರಿಸಿದ ಸಣ್ಣ ಮುಕ್ಕೋನದ ತುಂಡುಗಳು. ಧಾರವಾಡದ ಹಳ್ಳಿಗಳಲ್ಲೂ ಕೌದಿ ಹೊಲಿಯುವ ಹಿರಿಯರು ಇನ್ನೂ ಇದ್ದಾರೆ. ನನ್ನ ಅತ್ತೆಯವರ ಏಳು ಸೀರೆಗಳಿಂದ ನಾವು ಒಂದನ್ನು ಹೊಲಿಸಿದೆವು. ಮಾವನವರು ಅದನ್ನು ಹೊದ್ದ ಮೊದಲ ರಾತ್ರಿ, ಒಂದು ತುಂಡಿನ ಮೇಲೆ ಬೆರಳಿಟ್ಟು ಇದು ಉಳವಿ ಜಾತ್ರೆಗೆ ಉಟ್ಟದ್ದು ಎಂದು ಗುರುತಿಸಿದರು.

ಎರಡು ಎಚ್ಚರಿಕೆಗಳಿವೆ. ಅಪ್ಪನಿಗಾಗಿ ಹೊಲಿಸುವಾಗ ಒಳಪದರಗಳನ್ನು ಕಡಿಮೆ ಮಾಡಿಸಿ, ದಪ್ಪ ಕೌದಿಯನ್ನು ಎತ್ತಿ ಸರಿಸುವುದು ವಯಸ್ಸಾದವರಿಗೆ ಕಷ್ಟ. ರೇಷ್ಮೆಯ ಸೆರಗಿನ ಇಳಕಲ್ ಸೀರೆ, ಕಸೂತಿ ಹಾಕಿದ ಚಂದ್ರಕಾಳಿ ಸೀರೆ ಇದ್ದರೆ ಅವಕ್ಕೆ ಕತ್ತರಿ ತಾಗಿಸಬೇಡಿ. ಗವಂತಿ, ಮುರಗಿ ಎಂಬ ಕಸೂತಿಯ ಹೊಲಿಗೆಗಳನ್ನು ಎಳೆ ಎಣಿಸಿ ಎಣಿಸಿ ಹಾಕಿರುತ್ತಾರೆ. ಅಂತಹವು ಮಗಳಿಗೋ ಸೊಸೆಗೋ ಇಡಿಯಾಗಿಯೇ ಸೇರಲಿ.

ದೂರದ ಮಗ:

ನಾನೂ ಊರಿನಿಂದ ದೂರವಿರುವವನು. ಧಾರವಾಡದ ಅಕ್ಕ, ನಿಮ್ಮಣ್ಣನ ಅವಸರದ ಹಿಂದೆ ಅಪ್ಪ ಮತ್ತೆ ಬಿದ್ದಾರೆಂಬ ಭಯವಿದೆ ಎಂಬುದು ನನಗೆ ಅರ್ಥವಾಗುತ್ತದೆ. ಮನೆಯಿಂದ ಹೊರಹೋಗುವ ಪ್ರತಿಯೊಂದು ಪೆಟ್ಟಿಗೆಯ ಫೋಟೊ ತೆಗೆದು ಮೊದಲೇ ಕಳುಹಿಸಿ, ಅವರಿಗೂ ಆರಿಸಲು ಒಂದು ವಾರ ಕೊಡಿ. ನಮ್ಮ ಮನೆಯಲ್ಲಿ ಹಾಗೆ ಮಾಡದಿದ್ದುದರಿಂದ ಒಡಹುಟ್ಟಿದವರ ನಡುವೆ ಬಂದ ಬೇಸರ ಒಂದು ಕಂಚಿನ ತಂಬಿಗೆಯದ್ದಾಗಿತ್ತು.

ಧಾರವಾಡದ ಮಗಳು:

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಹೂವಿನ ಮಡಿಯನ್ನು ಅಂಗಳದ ಇನ್ನೊಂದು ಬದಿಗೆ ಸರಿಸಿ, ಗೋಡೆಯ ಬುಡವನ್ನು ತೆರವು ಮಾಡಿಸಿದೆವು. ಗೌಂಡಿ ಕೆಳಭಾಗದ ಸಿಮೆಂಟನ್ನು ಕೆತ್ತಿದಾಗ ಒಳಗೆ ಅಜ್ಜನ ಕಾಲದ ಸುಣ್ಣದ ಗಾರೆ ಗಟ್ಟಿಯಾಗಿಯೇ ಇತ್ತು. ಮೂರು ವಾರ ಒಣಗಲು ಬಿಟ್ಟೆವು. ಆ ಮೂರು ವಾರವೇ ಸೀರೆಗಳ ತಿಜೋರಿಯ ಕೆಲಸಕ್ಕೂ ಒದಗಿತು. ಅಪ್ಪ ಈಗ ಕಟ್ಟೆಗೆ ಎದ್ದು ಹೋಗುವುದಿಲ್ಲ. ಒಂದೊಂದೇ ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಇದು ಯಾರಿಗೆ ಎಂದು ಅವರೇ ಹೇಳುತ್ತ ಹೋದರು, ನಾನು ಚೀಟಿ ಬರೆದು ಸಿಕ್ಕಿಸುತ್ತ ಹೋದೆ. ಅಣ್ಣ ವಿಡಿಯೊ ಕರೆಯಲ್ಲಿ ಕುಳಿತು ನೋಡಿದ. ಅವನು ಕೇಳಿದ್ದು ಒಂದೇ, ಆ ಮೂರು ನೋಟುಗಳಲ್ಲಿ ಒಂದನ್ನು.

ಒಂದು ತಿಜೋರಿ ಅತ್ತಿಗೆಯ ತವರಿಗೆ ಹೋಯಿತು, ಎರಡು ಟ್ರಂಕುಗಳು ಖಾಲಿಯಾದವು, ಪಲ್ಲಂಗದ ಕಾಲುಗಳು ಮೂರು ಇಂಚು ಗಿಡ್ಡವಾದವು. ನೀಲಿ ಬೆರೆಸಿದ ಸುಣ್ಣದ ಗೋಡೆ ಮುಂಜಾನೆ ತೊಳೆದ ಹಾಗೆ ಕಾಣುತ್ತದೆ. ನವಲಗುಂದದ ಆ ಜಮಖಾನವನ್ನು ಬಿಸಾಡಲು ಮನಸ್ಸು ಬರಲಿಲ್ಲ, ಅದರಲ್ಲಿ ಎರಡು ನವಿಲುಗಳಿವೆ. ಮೇಲಂಚಿನ ಉದ್ದಕ್ಕೂ ಬಟ್ಟೆಯ ತೂರುಪಟ್ಟಿ ಹೊಲಿದು, ಅದರೊಳಗೆ ಮರದ ಕೋಲು ತೂರಿಸಿ, ತೇವವಿಲ್ಲದ ಒಳಗೋಡೆಯ ಮೇಲೆ ತೂಗುಹಾಕಿದ್ದೇವೆ. ಅಪ್ಪ ಮಲಗಿದಲ್ಲಿಂದ ನವಿಲುಗಳು ಎದುರಿಗೇ ಕಾಣುತ್ತವೆ.

ಹತ್ತಿ ಸೀರೆಗಳಲ್ಲಿ ಆರನ್ನು ಕೌದಿಗೆ ಕೊಟ್ಟಿದ್ದೇವೆ, ಇನ್ನೂ ಬಂದಿಲ್ಲ. ಹೊಲಿಗೆ ಯಂತ್ರವನ್ನು ಪಡಸಾಲೆಗೆ ಸಾಗಿಸುತ್ತೇನೆ ಎಂದಾಗ ಮಾತ್ರ ಅಪ್ಪ ಬೇಡವೆಂದರು. ಅವ್ವನ ಕಣ್ಣು ಮಂಜಾದ ಮೇಲೆ ಅದರ ಸೂಜಿಗೆ ದಾರ ಪೋಣಿಸುತ್ತಿದ್ದವರು ಅವರೇ. ಈಗ ಅದು ಕಿಟಕಿಯ ಕೆಳಗಿದೆ, ಮೇಲೆ ಅವರ ಕನ್ನಡಕ ಮತ್ತು ರೇಡಿಯೊ ಇವೆ. ಉಳಿದ ಸೀರೆಗಳಿಂದ ದಿಂಬಿನ ಚೀಲಗಳನ್ನು ತಾವೇ ಹೊಲಿಯುವುದಾಗಿ ನಿನ್ನೆ ಹೇಳಿದರು. ಆದರೆ ಯಂತ್ರದ ಚರ್ಮದ ಬೆಲ್ಟು ಒಣಗಿ ಕಡಿದುಹೋಗಿದೆ. ಕಾಲಿನಿಂದ ತುಳಿಯುವ ಹಳೆಯ ಯಂತ್ರದ ಬೆಲ್ಟು ಹುಬ್ಬಳ್ಳಿಯಲ್ಲಾಗಲಿ ಧಾರವಾಡದಲ್ಲಾಗಲಿ ಎಲ್ಲಿ ಸಿಗುತ್ತದೆ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.